ಹಲ್ಲು ಬೆಳ್ಳಗೆ ಮಾಡಿಸಬೇಕಾ? ಮೊದಲು ಕಲೆ ಯಾವುದು ಅಂತ ನೋಡಿ

ಮದುವೆ ಗೊತ್ತಾದವರು ಕೇಳುತ್ತಾರೆ. ಕೆಲಸದ ಇಂಟರ್‌ವ್ಯೂಗೆ ಬೆಂಗಳೂರಿಗೆ ಹೊರಟವರು ಕೇಳುತ್ತಾರೆ. ಮಗಳ ಮುಂದಿನ ಹಲ್ಲು ಕಂದಾಗಿದೆ ಅಂತ ಚಿಂತೆ ಮಾಡುವ ಅಮ್ಮಂದಿರೂ ಕೇಳುತ್ತಾರೆ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಕ್ಲಿನಿಕ್‌ನಲ್ಲಿ ಕೂತು ಒಂದೇ ಸಲಕ್ಕೆ ಮಾಡಿಸೋದಾ? ಮನೆಗೆ ಟ್ರೇ, ಜೆಲ್ ಕೊಡ್ತಾರಂತಲ್ಲ, ಅದಾ? ಇಲ್ಲಾ ಹಲ್ಲಿನ ಮೇಲೆ ಬಿಳಿ ಪದರ ಅಂಟಿಸ್ತಾರಲ್ಲ, ಅದಾ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಈ ಮೂರರಲ್ಲಿ ಒಂದನ್ನು ಆರಿಸುವ ಮುಂಚೆ ಇನ್ನೊಂದು ವಿಷಯ ನೋಡಬೇಕು. ಅದು ನಮ್ಮ ನೀರು. ಪಾವಗಡ, ಶಿರಾ, ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳು ಬಹಳ. ಆ ನೀರು ಕುಡಿದು ಬೆಳೆದವರ ಹಲ್ಲಿನ ಕಲೆ ಕಾಫಿ, ಟೀ ಕಲೆಯ ಹಾಗಲ್ಲ. ಜಾಹೀರಾತಿನಲ್ಲಿ ತೋರಿಸುವ ಮುಂಚೆ–ಆಮೇಲೆ ಫೋಟೋಗಳು ಹೆಚ್ಚಾಗಿ ಹಳದಿ ಹಲ್ಲಿನವು. ಕಂದು ಪಟ್ಟೆ, ಸುಣ್ಣದ ಮಚ್ಚೆ ಇರುವ ಹಲ್ಲಿಗೆ ಅದೇ ಪ್ಯಾಕೇಜ್ ಕೊಂಡರೆ ಹಣ ಹೋಗುತ್ತದೆ, ಮಚ್ಚೆ ಇದ್ದಲ್ಲೇ ಇರುತ್ತದೆ.

ಆದ್ದರಿಂದ ಯಾವ ವಿಧಾನ ಒಳ್ಳೆಯದು ಅನ್ನುವುದಕ್ಕಿಂತ ಮುಂಚೆ, ನನ್ನ ಹಲ್ಲಿನ ಕಲೆ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ. ಅರ್ಧ ನಿರ್ಧಾರ ಅಲ್ಲೇ ಆಗಿಹೋಗುತ್ತದೆ.

ಏನನ್ನು ನೋಡಿ ಆರಿಸಬೇಕು

ಹಲ್ಲಿನ ಮೇಲೆ ಕೂತ ಕಲೆ ಒಂದು ಬಗೆ. ಎಲೆ ಅಡಿಕೆ, ಗುಟ್ಕಾ, ಬೀಡಿ, ಸಿಗರೇಟು, ಕಾಫಿ, ಟೀ ಇವುಗಳ ಕಲೆ ಈ ಗುಂಪಿಗೆ ಸೇರುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ತಿಂಗಳುಗಟ್ಟಲೆ ಬಳಸಿದರೂ ಹಲ್ಲು ಕಂದಾಗುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ.

ಹಲ್ಲಿನ ಒಳಗೇ ಇರುವ ಬಣ್ಣ ಇನ್ನೊಂದು ಬಗೆ. ವಯಸ್ಸಾದಂತೆ ಮೇಲಿನ ಎನಾಮಲ್ ಸವೆದು ಒಳಗಿನ ಹಳದಿ ಪದರ ಕಾಣಲು ಶುರುವಾಗುತ್ತದೆ. ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ತಿಂದವರಿಗೆ ಬೂದು ಬಣ್ಣದ ಪಟ್ಟೆ ಬರುತ್ತದೆ. ಬಿದ್ದು ಪೆಟ್ಟಾದ ಹಲ್ಲು ಒಂದೇ ಒಂದು ಕಪ್ಪಗಾಗುತ್ತದೆ. ಫ್ಲೋರೈಡ್ ಕಲೆಯೂ ಇದೇ ಗುಂಪಿನದು. ಎರಡೂ ಕಡೆಯ ಹಲ್ಲುಗಳ ಮೇಲೆ ಒಂದೇ ರೀತಿ ಕಾಣುವ ಸುಣ್ಣದಂಥ ಬಿಳಿ ಗೆರೆ, ಮಚ್ಚೆ, ಕಂದು ಪಟ್ಟೆ ಇದರ ಗುರುತು. ಜಾಸ್ತಿಯಾದರೆ ಹಲ್ಲಿನ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ.

ಕಲೆಯ ಜೊತೆಗೆ ಇನ್ನೂ ಕೆಲವು ವಿಷಯ ನೋಡಬೇಕು. ಹುಳುಕು, ಬಿರುಕು ಇದೆಯಾ? ವಸಡಿನಲ್ಲಿ ರಕ್ತ ಬರುತ್ತಾ? ತಣ್ಣೀರು ಕುಡಿದರೆ ಈಗಲೇ ಹಲ್ಲು ಜುಮ್ ಅನ್ನುತ್ತಾ? ಮುಂದಿನ ಹಲ್ಲಿಗೆ ಕ್ಯಾಪ್ ಅಥವಾ ಸಿಮೆಂಟ್ ಹಾಕಿಸಿದ್ದೀರಾ? ಕೈಯಲ್ಲಿ ಎಷ್ಟು ದಿನ ಇದೆ, ಕ್ಲಿನಿಕ್‌ಗೆ ಎಷ್ಟು ಸಲ ಓಡಾಡಬಹುದು? ಮಾಡಿಸಿದ್ದು ಎಷ್ಟು ಕಾಲ ಉಳಿಯುತ್ತದೆ? ಕೊನೆಯದು, ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು: ಹಲ್ಲನ್ನು ಉಜ್ಜಿ ತೆಗೆಯುತ್ತಾರಾ, ಇಲ್ಲಾ ಹಲ್ಲು ಹಾಗೇ ಉಳಿಯುತ್ತಾ? ತೆಗೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಮೊದಲು ಕ್ಲೀನಿಂಗ್

ಯಾವ ದಾರಿ ಹಿಡಿದರೂ ಇಲ್ಲಿಂದಲೇ ಶುರು. ಸ್ಕೇಲಿಂಗ್ ಮಾಡಿ ಪಾಚಿ, ಗಾರೆ ತೆಗೆದು, ಪಾಲಿಶ್ ಮಾಡುತ್ತಾರೆ. ಒಂದು ಸಲ ಕೂತರೆ ಸಾಮಾನ್ಯವಾಗಿ ಮುಗಿಯುತ್ತದೆ. ಎಲ್ಲ ಆಯ್ಕೆಗಳಲ್ಲಿ ಖರ್ಚು ಕಡಿಮೆ ಇರುವುದೂ ಇದಕ್ಕೇ.

ಗುಬ್ಬಿ, ತಿಪಟೂರು ಕಡೆ ಊಟದ ಮೇಲೆ ಎಲೆ ಅಡಿಕೆ ಹಾಕುವ ಅಭ್ಯಾಸ ಇರುವವರಿಗೆ ಎಷ್ಟೋ ಸಲ ಇಷ್ಟೇ ಸಾಕು. ಕೆಂಪು ಕಂದು ಕಲೆ ಎಲ್ಲ ಹೋಗಿ ಹಲ್ಲಿನ ನಿಜವಾದ ಬಣ್ಣ ಕಾಣುತ್ತದೆ. ಆ ಬಣ್ಣ ನೋಡಿ ಎರಡು ವಾರ ಸುಮ್ನೆ ಇರಿ. ಇನ್ನೂ ಬಿಳಿ ಬೇಕು ಅನಿಸಿದರೆ ಮುಂದಿನ ಮಾತು. "ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ" ಅಂತ ನಮ್ಮ ಕಡೆ ಭಯ ಇದೆ. ಗಾರೆಯೇ ಹಿಡಿದುಕೊಂಡಿದ್ದ ಹಲ್ಲು ಗಾರೆ ತೆಗೆದ ಮೇಲೆ ಸಡಿಲ ಅನಿಸಬಹುದು. ಸಡಿಲ ಮಾಡಿದ್ದು ವಸಡಿನ ರೋಗ, ಸ್ಕೇಲಿಂಗ್ ಅಲ್ಲ.

ಅಡಿಕೆ, ಗುಟ್ಕಾ ಹಾಕುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ಬಾಯಿ ಮೊದಲಿನಷ್ಟು ಅಗಲ ತೆರೆಯಲು ಆಗುತ್ತಿಲ್ಲವೇ? ಖಾರದ ಸಾರು ತಿಂದರೆ ಬಾಯಿ ಉರಿಯುತ್ತಾ? ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆಯಾ? ಇದ್ದರೆ ಹಲ್ಲಿನ ಬಣ್ಣದ ಮಾತು ಬದಿಗಿಟ್ಟು ಮೊದಲು ಅದನ್ನು ಡಾಕ್ಟರಿಗೆ ತೋರಿಸಿ. ಅಡಿಕೆಯಿಂದ ಬಾಯೊಳಗಿನ ಚರ್ಮ ಬಿಗಿಯುವ ರೋಗ ಬರುತ್ತದೆ. ಅದು ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇದೆ. ಬೇಗ ಗೊತ್ತಾದರೆ ಒಳ್ಳೆಯದು.

ಮನೆಯಲ್ಲಿ ಹಾಕಿಕೊಳ್ಳುವ ಟ್ರೇ

ಕ್ಲೀನಿಂಗ್ ಆದ ಮೇಲೂ ಹಳದಿ ಉಳಿದರೆ, ಹೆಚ್ಚಿನವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಡಾಕ್ಟರು ನಿಮ್ಮ ಹಲ್ಲಿನ ಅಚ್ಚು ತೆಗೆಯುತ್ತಾರೆ. ಅದರ ಮೇಲೆ ತೆಳುವಾದ, ಮೆತ್ತಗಿನ ಪಾರದರ್ಶಕ ಟ್ರೇ ಮಾಡಿಸುತ್ತಾರೆ. ಅದು ನಿಮ್ಮ ಹಲ್ಲಿಗೆ ಮಾತ್ರ ಸರಿಯಾಗಿ ಕೂರುತ್ತದೆ. ಜೊತೆಗೆ ಸಿರಿಂಜ್‌ನಲ್ಲಿ ಜೆಲ್ ಕೊಡುತ್ತಾರೆ. ಜೆಲ್‌ನಲ್ಲಿ ಇರುವುದು ಕಾರ್ಬಮೈಡ್ ಪೆರಾಕ್ಸೈಡ್. ಸಾಮಾನ್ಯವಾಗಿ ಶೇ. 10ರಿಂದ 16. ಇದು ಬಾಯಲ್ಲಿ ಒಡೆದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಶೇ. 10ರ ಜೆಲ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್ ಲೆಕ್ಕದಲ್ಲಿ ಸುಮಾರು ಶೇ. 3.5 ಮಾತ್ರ. ಅದು ಎನಾಮಲ್ ದಾಟಿ ಒಳಗೆ ಹೋಗಿ ಬಣ್ಣದ ಕಣಗಳನ್ನು ಒಡೆಯುತ್ತದೆ. ಹಲ್ಲನ್ನು ಕೆರೆಯುವುದಿಲ್ಲ. ಈ ಪದ್ಧತಿ ದಂತವೈದ್ಯರ ಪತ್ರಿಕೆಗಳಲ್ಲಿ ಮೊದಲು ಬಂದದ್ದು 1989ರಲ್ಲಿ. ಅಂದರೆ ಹೊಸ ಪ್ರಯೋಗವೇನೂ ಅಲ್ಲ.

ರಾತ್ರಿ ಹಲ್ಲುಜ್ಜಿ, ಟ್ರೇಯ ಮುಂಭಾಗದಲ್ಲಿ ಒಂದೊಂದು ಹಲ್ಲಿಗೆ ಸಣ್ಣ ಹನಿ ಜೆಲ್ ಹಾಕಿ, ಕೂರಿಸಿಕೊಂಡು, ವಸಡಿನ ಮೇಲೆ ಉಕ್ಕಿ ಬಂದದ್ದನ್ನು ಒರೆಸಿ ಮಲಗುವುದು. ರಾತ್ರಿ ಪೂರ್ತಿ ಆಗದಿದ್ದರೆ ಸಂಜೆ ಎರಡು ಗಂಟೆ ಹಾಕಿಕೊಂಡರೂ ನಡೆಯುತ್ತದೆ. ಜೆಲ್‌ನ ಶಕ್ತಿ ಮೊದಲ ಎರಡು ಗಂಟೆಯಲ್ಲೇ ಅರ್ಧದಷ್ಟು ಖರ್ಚಾಗಿರುತ್ತದೆ. ಸಾಮಾನ್ಯ ಹಳದಿಗೆ ಎರಡು ವಾರ ಬೇಕು. ಬೀಡಿ, ಸಿಗರೇಟಿನಿಂದ ಒಳಗೆ ಇಳಿದ ಬಣ್ಣಕ್ಕೆ ಒಂದರಿಂದ ಮೂರು ತಿಂಗಳು. ಟೆಟ್ರಾಸೈಕ್ಲಿನ್ ಪಟ್ಟೆಗೆ ಮೂರರಿಂದ ಆರು ತಿಂಗಳೂ ಆಗಬಹುದು.

ಕಷ್ಟ ಏನು ಅಂದರೆ, ದಿನಾ ಮಾಡಬೇಕು. ಗದ್ದೆ, ಡೈರಿ, ರೇಷ್ಮೆ ಸೊಪ್ಪು ಅಂತ ಬೆಳಗಿನ ಜಾವ ಎದ್ದು ದುಡಿದು ರಾತ್ರಿ ಮಲಗಿದರೆ ಸಾಕು ಅನ್ನುವವರು ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಬಿಡುವ ಸ್ವಭಾವ ನಿಮ್ಮದು ಅಂತ ನಿಮಗೇ ಗೊತ್ತಿದ್ದರೆ ಇದಕ್ಕೆ ದುಡ್ಡು ಹಾಕಬೇಡಿ.

ಲಾಭ ಮಾತ್ರ ದೊಡ್ಡದು. ಹಲ್ಲು ಜುಮ್ ಅಂದರೆ ಒಂದು ದಿನ ಬಿಟ್ಟು ಒಂದು ದಿನ ಹಾಕಿಕೊಳ್ಳಬಹುದು. ಬೇಕಾದಷ್ಟು ಬಿಳಿಯಾದ ತಕ್ಷಣ ನಿಲ್ಲಿಸಬಹುದು. ವೇಗ ನಿಮ್ಮ ಕೈಯಲ್ಲೇ ಇರುತ್ತದೆ. ಯಾವ ಬ್ಲೀಚಿಂಗ್ ಆದರೂ ಶಾಶ್ವತ ಅಲ್ಲ. ಒಂದರಿಂದ ಮೂರು ವರ್ಷದಲ್ಲಿ ಬಣ್ಣ ಸ್ವಲ್ಪ ಹಿಂದಕ್ಕೆ ಬರುತ್ತದೆ. ಆಗ ಟ್ರೇ ಇದ್ದವರು ಜೆಲ್ ಮಾತ್ರ ಕೊಂಡು ಕೆಲವು ರಾತ್ರಿ ಹಾಕಿಕೊಂಡರೆ ಆಯಿತು. ಐದು ವರ್ಷದ ಖರ್ಚು ಲೆಕ್ಕ ಹಾಕಿದರೆ ಟ್ರೇ ಅಗ್ಗ.

ಪಾವಗಡದಂಥ ಊರಿನಿಂದ ತುಮಕೂರಿಗೆ ಬರುವುದು ಅಂದರೆ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಟ್ರೇಗೆ ಅಚ್ಚು ಕೊಡಲು ಒಂದು ಸಲ, ತೆಗೆದುಕೊಂಡು ಹೋಗಲು ಒಂದು ಸಲ, ನಡುವೆ ತೋರಿಸಲು ಒಂದು ಸಲ ಬಂದರೆ ಸಾಕು. ಬೇಸಿಗೆಯಲ್ಲಿ ಜೆಲ್ ಸಿರಿಂಜನ್ನು ಫ್ರಿಜ್‌ನಲ್ಲಿ ಇಡಿ. ಬಿಸಿಗೆ ಅದರ ಶಕ್ತಿ ಕುಂದುತ್ತದೆ.

ಕ್ಲಿನಿಕ್‌ನಲ್ಲಿ ಕೂತು ಮಾಡಿಸುವುದು

ಇಲ್ಲಿ ಬಳಸುವುದು ಬಹಳ ಗಟ್ಟಿಯಾದ ಜೆಲ್. ಹೈಡ್ರೋಜನ್ ಪೆರಾಕ್ಸೈಡ್ ಶೇ. 25ರಿಂದ 40. ತುಟಿ, ಕೆನ್ನೆ ಹಿಂದೆ ಸರಿಸುವ ಪ್ಲಾಸ್ಟಿಕ್ ಹಾಕಿ, ವಸಡಿನ ಮೇಲೆ ರಕ್ಷಣೆಯ ಪದರ ಹಚ್ಚಿ ಗಟ್ಟಿ ಮಾಡಿ, ಆಮೇಲೆ ಜೆಲ್ ಹಚ್ಚುತ್ತಾರೆ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಒರೆಸಿ, ಮತ್ತೆ ಹಚ್ಚುತ್ತಾರೆ. ಎಲ್ಲ ಸೇರಿ ಒಂದು ಗಂಟೆ, ಒಂದೂವರೆ ಗಂಟೆ. ಕನ್ನಡಿ ನೋಡಿದರೆ ಅಲ್ಲೇ ವ್ಯತ್ಯಾಸ ಕಾಣುತ್ತದೆ.

ಆದರೆ ಆ ದಿನ ಕಂಡ ಬಿಳಿ ಪೂರ್ತಿ ನಿಜವಲ್ಲ. ಬಾಯಿ ತೆರೆದು ಕೂತಿದ್ದರಿಂದ ಹಲ್ಲು ಒಣಗಿರುತ್ತದೆ. ಒಣ ಹಲ್ಲು ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ನಿಜವಾದ ಬಣ್ಣ ನೆಲೆ ನಿಲ್ಲಲು ಒಂದರಿಂದ ಎರಡು ವಾರ ಬೇಕು. ಒಂದೇ ಸಲಕ್ಕೆ ಎಲ್ಲರಿಗೂ ಸಾಕಾಗುವುದೂ ಇಲ್ಲ. ವಾರ ಬಿಟ್ಟು ಎರಡು, ಮೂರು ಸಲ ಮಾಡಿದರೆ ಒಳ್ಳೆಯ ಫಲ. ಬೆಲೆ ಕೇಳುವಾಗ ಇದು ಒಂದು ಸಿಟ್ಟಿಂಗ್‌ಗಾ, ಪೂರ್ತಿ ಚಿಕಿತ್ಸೆಗಾ ಅಂತ ಬಿಡಿಸಿ ಕೇಳಿ.

ನೀಲಿ ಲೈಟ್, ಲೇಸರ್ ಅಂತ ಹೆಚ್ಚಿನ ಹಣ ಕೇಳಿದರೆ ನಾನು ಕೊಡುವುದಿಲ್ಲ. ಇಷ್ಟು ಗಟ್ಟಿ ಜೆಲ್ ಬಳಸಿದಾಗ ಲೈಟ್ ಹಾಕಿದವರಿಗೂ ಹಾಕದವರಿಗೂ ಕೆಲವು ವಾರದ ಮೇಲೆ ಬಣ್ಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿಯುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಲೈಟಿನ ಬಿಸಿಗೆ ಹಲ್ಲು ಜುಮ್ ಅನ್ನುವುದು ಜಾಸ್ತಿ ಆಗಬಹುದು. ಕೆಲಸ ಮಾಡುವುದು ಜೆಲ್.

ಜುಮ್ ಅನ್ನುವ ವಿಷಯದಲ್ಲಿ ಇದು ಟ್ರೇಗಿಂತ ಜೋರು. ಕೆಲವರಿಗೆ ಆ ರಾತ್ರಿ ಹಲ್ಲಿಗೆ ಶಾಕ್ ಹೊಡೆದ ಹಾಗೆ ಚುಳ್ ಅನ್ನುತ್ತದೆ. ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಎರಡು ವಾರ ಮುಂಚೆಯೇ ಶುರು ಮಾಡಿದರೆ ತಡೆದುಕೊಳ್ಳುವುದು ಸುಲಭ. ಟ್ರೇ ಬಳಸುವವರಿಗೂ ಇದೇ ಸಲಹೆ. ಜೆಲ್ ವಸಡಿಗೆ ತಾಗಿದರೆ ಅಲ್ಲಿ ಬಿಳಿಯಾಗಿ ಉರಿಯುತ್ತದೆ. ಇದೂ ಕೆಲವೇ ದಿನದಲ್ಲಿ ವಾಸಿ. ಆದರೆ ಈ ಜೆಲ್ ದಂತವೈದ್ಯರಲ್ಲದವರ ಕೈಗೆ ಕೊಡುವಂಥದ್ದಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಹಾಗಾದರೆ ಇದು ಯಾರಿಗೆ? ದಿನ ಕಡಿಮೆ ಇರುವವರಿಗೆ. ಟ್ರೇ ಬಾಯಲ್ಲಿಟ್ಟರೆ ವಾಕರಿಕೆ ಬರುವವರಿಗೆ. ದಿನಾ ನೆನಪಿಟ್ಟು ಮಾಡಲಾಗದವರಿಗೆ. ಕೈಯಲ್ಲಿ ಹಣ ಇದ್ದರೆ ಕ್ಲಿನಿಕ್‌ನಲ್ಲಿ ಒಂದು ಸಲ ಮಾಡಿಸಿ, ಉಳಿದದ್ದನ್ನು ಮನೆಯ ಟ್ರೇಯಲ್ಲಿ ಮುಂದುವರಿಸುವ ಜೋಡಿ ವಿಧಾನವೂ ಇದೆ. ಶುರುವಿನಲ್ಲೇ ಬದಲಾವಣೆ ಕಂಡರೆ ಉತ್ಸಾಹ ಬರುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಕೊನೆಗೆ ಸಿಗುವ ಬಿಳಿ ಮಾತ್ರ ಟ್ರೇ, ಕ್ಲಿನಿಕ್, ಜೋಡಿ ಈ ಮೂರೂ ದಾರಿಯಲ್ಲಿ ಹೆಚ್ಚುಕಮ್ಮಿ ಒಂದೇ. ನೀವು ಜಾಸ್ತಿ ಹಣ ಕೊಡುವುದು ವೇಗಕ್ಕೆ.

ಮಾಡಿಸಿದ ಮೇಲೆ ಎರಡು ದಿನ ಕಾಫಿ, ಟೀ, ಅರಿಶಿನ ಜಾಸ್ತಿ ಇರುವ ಸಾರು, ಬೀಟ್‌ರೂಟ್ ಪಲ್ಯ ಬೇಡ ಅನ್ನುತ್ತಾರೆ. ಮೊಸರನ್ನ, ಇಡ್ಲಿ, ಕಾಯಿ ಚಟ್ನಿ, ಹಾಲಿನಲ್ಲಿ ಎರಡು ದಿನ ಕಳೆಯುವುದು ಕಷ್ಟವೇನಲ್ಲ.

ಬೋರ್‌ವೆಲ್ ನೀರಿನ ಕಲೆಗೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಮೂರು ಜಿಲ್ಲೆಯವರಿಗೆ ಬೇಕಾದ ಮಾತು ಇದೇ.

ಮುಂದಿನ ಶಾಶ್ವತ ಹಲ್ಲು ವಸಡಿನ ಒಳಗೆ ತಯಾರಾಗುವುದು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ. ಆಗ ಫ್ಲೋರೈಡ್ ಜಾಸ್ತಿ ಒಳಗೆ ಹೋದರೆ ಎನಾಮಲ್ ಗಟ್ಟಿಯಾಗಿ ಕೂಡಿಕೊಳ್ಳದೆ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಹಲ್ಲು ಹೊರಗೆ ಬಂದ ಮೇಲೆ ಆ ರಂಧ್ರದಲ್ಲಿ ಬಣ್ಣ ಇಳಿದು ಕಂದಾಗುತ್ತದೆ. ಅಮೆರಿಕದ ಕೊಲರಾಡೋದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ 1900ರ ದಶಕದ ಶುರುವಿನಲ್ಲಿ ಊರಿನ ಮಕ್ಕಳ ಕಂದು ಹಲ್ಲು ನೋಡಿ ಕಾರಣ ಹುಡುಕಲು ಹೊರಟರು. ಅದು ನೀರಿನ ಫ್ಲೋರೈಡ್ ಅಂತ ಗೊತ್ತಾದದ್ದು 1931ರಲ್ಲಿ. ಅಲ್ಲಿಯವರೆಗೆ ಹಲ್ಲುಜ್ಜದ ಜನ ಅಂತಲೇ ಬೇರೆಯವರು ಅಂದುಕೊಂಡಿರಬಹುದು. ನಮ್ಮಲ್ಲಿ ಇವತ್ತಿಗೂ ಹಾಗೆ ಅನ್ನುವವರಿದ್ದಾರೆ. ನಾನು ಬೆಳೆದದ್ದು ಗುಡಿಬಂಡೆ ಕಡೆ. ನಮ್ಮ ಶಾಲೆಯ ಗ್ರೂಪ್ ಫೋಟೋಗಳಲ್ಲಿ ಬಾಯಿ ತೆರೆದು ನಕ್ಕವರು ಕಡಿಮೆ. ಹಲ್ಲುಜ್ಜದ್ದಕ್ಕೆ ಹೀಗಾಯಿತು ಅಂತ ಯಾವ ಮಗುವಿಗೂ ಹೇಳಬೇಡಿ.

ಈ ಹಲ್ಲಿಗೆ ನೇರವಾಗಿ ಬ್ಲೀಚಿಂಗ್ ಮಾಡಿದರೆ ಏನಾಗುತ್ತದೆ? ಕಂದು ಬಣ್ಣ ಎಷ್ಟೋ ಜನರಲ್ಲಿ ತಿಳಿಯಾಗುತ್ತದೆ, ಆದರೆ ನಿಧಾನಕ್ಕೆ. ಸುಣ್ಣದ ಬಿಳಿ ಮಚ್ಚೆ ಹೋಗುವುದಿಲ್ಲ. ಮೊದಲ ದಿನಗಳಲ್ಲಿ ಇನ್ನೂ ಎದ್ದು ಕಾಣುತ್ತದೆ. ಇದನ್ನು ಮುಂಚೆ ಹೇಳದೆ ಮಾಡಿದರೆ ಹಲ್ಲು ಕೆಟ್ಟಿತು ಅಂತ ಜನ ಗಾಬರಿಯಾಗುತ್ತಾರೆ. ವಾರಗಟ್ಟಲೆ ಟ್ರೇ ಹಾಕಿದ ಮೇಲೆ ಸುತ್ತಲಿನ ಹಲ್ಲೂ ಬೆಳ್ಳಗಾಗಿ ಮಚ್ಚೆ ಅದರಲ್ಲಿ ಸೇರಿಕೊಂಡಂತೆ ಕಾಣುತ್ತದೆ.

ಅದಕ್ಕೇ ಇಲ್ಲಿ ಮೈಕ್ರೋಅಬ್ರೇಶನ್ ಎಂಬ ಚಿಕಿತ್ಸೆ ಕೆಲಸಕ್ಕೆ ಬರುತ್ತದೆ. ಹದವಾದ ಆಮ್ಲ ಮತ್ತು ನಯವಾದ ಪುಡಿ ಸೇರಿದ ಪೇಸ್ಟಿನಿಂದ ಕಲೆ ಇರುವ ಮೇಲ್ಪದರವನ್ನು ಉಜ್ಜಿ ತೆಗೆಯುತ್ತಾರೆ. ಬಾಯಿಗೆ ತಾಗದಂತೆ ರಬ್ಬರ್ ಹಾಳೆ ಕಟ್ಟುತ್ತಾರೆ. ಹೋಗುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಮೇಲುಮೇಲಿನ ಕಂದು ಕಲೆಗೆ ಒಂದೆರಡು ಸಲದಲ್ಲೇ ಚೆನ್ನಾಗಿ ಫಲ ಕಾಣುತ್ತದೆ. ಬರಿಯ ಬ್ಲೀಚಿಂಗ್‌ಗಿಂತ ಬೇಗ, ಹಲ್ಲಿನ ಮೇಲೆ ಪದರ ಅಂಟಿಸುವ ವೆನೀರ್‌ಗಿಂತ ಎಷ್ಟೋ ಅಗ್ಗ. ತೆಗೆದ ಆ ತೆಳು ಪದರ ಮತ್ತೆ ಬರುವುದಿಲ್ಲ ನಿಜ. ಆದರೆ ಕಲೆ ಇರುವ ಕಡೆ ಅಷ್ಟು ತೆಗೆದರೆ ಹಲ್ಲಿಗೆ ಕೊರತೆಯಾಗುವುದಿಲ್ಲ. ಆಳಕ್ಕೆ ಇಳಿದ ಕಲೆ ಇದಕ್ಕೆ ಬಗ್ಗುವುದಿಲ್ಲ.

ಬಿಳಿ ಮಚ್ಚೆಯೇ ಮುಖ್ಯ ತೊಂದರೆಯಾದರೆ ರೆಸಿನ್ ಇನ್‌ಫಿಲ್ಟ್ರೇಶನ್ ಅಂತ ಇದೆ. ಮೇಲ್ಪದರ ತೆರೆದು, ಆ ಸಣ್ಣ ರಂಧ್ರಗಳಿಗೆ ನೀರಿನಂಥ ರೆಸಿನ್ ಇಳಿಸಿ ಗಟ್ಟಿ ಮಾಡುತ್ತಾರೆ. ಸುಣ್ಣ ಬಳಿದ ಗೋಡೆ ನೆನೆದಾಗ ಅದರ ಬಿಳುಪು ಮಾಯವಾಗುವ ಹಾಗೆ ಮಚ್ಚೆಯ ಬಿಳುಪು ಸುತ್ತಲಿನ ಹಲ್ಲಿನ ಬಣ್ಣಕ್ಕೆ ಸೇರಿಕೊಳ್ಳುತ್ತದೆ. ಡ್ರಿಲ್ ಇಲ್ಲ, ನೋವಿಲ್ಲ. ಆದರೆ ಲೆಕ್ಕ ಹಲ್ಲಿಗಿಷ್ಟು ಅಂತ. ಎಲ್ಲ ಕ್ಲಿನಿಕ್‌ನಲ್ಲೂ ಈ ವಸ್ತು ಇಟ್ಟಿರುವುದಿಲ್ಲ. ಫೋನ್ ಮಾಡಿ ಕೇಳಿಕೊಂಡೇ ಬಸ್ಸು ಹತ್ತಿ.

ನನ್ನ ಅಭಿಪ್ರಾಯ ಇಷ್ಟು. ಕಂದು ಕಲೆ ಇದ್ದು ಗುಳಿ ಇಲ್ಲದಿದ್ದರೆ ಮೊದಲು ಮೈಕ್ರೋಅಬ್ರೇಶನ್, ಆಮೇಲೆ ಟ್ರೇ ಬ್ಲೀಚಿಂಗ್. ಮಚ್ಚೆ ಇನ್ನೂ ಕಾಡಿದರೆ ಇನ್‌ಫಿಲ್ಟ್ರೇಶನ್. ಹೀಗೆ ಕಡಿಮೆ ಹಾನಿಯದರಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮುಂದಿನ ಮೆಟ್ಟಿಲು ಬೇಡವೇ ಬೇಡ ಅನಿಸುವ ಹಂತ ಹೆಚ್ಚಿನವರಿಗೆ ನಡುವೆಯೇ ಬರುತ್ತದೆ.

ಒಂದೇ ಹಲ್ಲು ಕಪ್ಪಗಿದ್ದರೆ

ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತ ಹಲ್ಲಿಗೆ ಟ್ರೇಯೂ ಬೇಡ, ಕ್ಲಿನಿಕ್ ಪ್ಯಾಕೇಜೂ ಬೇಡ. ಮೊದಲು ಎಕ್ಸ್‌ರೇ, ರೂಟ್ ಕೆನಾಲ್. ಆಮೇಲೆ ಹಲ್ಲಿನ ಒಳಗೇ ಔಷಧಿ ಇಟ್ಟು ಮುಚ್ಚಿ ಕಳಿಸುತ್ತಾರೆ. ಕೆಲವು ದಿನ ಬಿಟ್ಟು ಬದಲಾಯಿಸುತ್ತಾರೆ. ಬಣ್ಣ ಪಕ್ಕದ ಹಲ್ಲಿಗೆ ಸರಿಹೊಂದುವವರೆಗೆ ಎರಡು ಮೂರು ಸಲ ಹೋಗಬೇಕಾಗುತ್ತದೆ. ಬೇರಿನ ಕಡೆ ಔಷಧಿ ಇಳಿಯದಂತೆ ಒಳಗೆ ಸಿಮೆಂಟಿನ ತಡೆ ಹಾಕುವುದು ಬಹಳ ಮುಖ್ಯ. ಇಲ್ಲದಿದ್ದರೆ ವರ್ಷಗಳ ಮೇಲೆ ಬೇರು ಕರಗುವ ಅಪಾಯ ಇದೆ. ಈ ಕೆಲಸಕ್ಕೆ ಎಂಡೋಡಾಂಟಿಕ್ಸ್‌ನಲ್ಲಿ (ಹಲ್ಲಿನ ನರ, ಬೇರಿನ ಚಿಕಿತ್ಸೆ) ಎಂಡಿಎಸ್ ಮಾಡಿದವರ ಹತ್ತಿರ ಹೋಗುವುದು ವಾಸಿ.

ವೆನೀರ್

ಹಲ್ಲಿನ ಮುಂಭಾಗವನ್ನು ಅರ್ಧ ಮಿಲಿಮೀಟರಿನಷ್ಟು ಉಜ್ಜಿ, ಸೆರಾಮಿಕ್ ಪದರ ಅಂಟಿಸುತ್ತಾರೆ. ಗುಳಿ ಬಿದ್ದ, ಮುರಿದ, ಆಳವಾಗಿ ಕಂದಾದ ಹಲ್ಲಿಗೆ ಇದರಷ್ಟು ಚೆಂದ ಬೇರೆ ಯಾವುದೂ ಕಾಣುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ, ಅದಕ್ಕಿಂತ ಜಾಸ್ತಿಯೂ ಬರುತ್ತದೆ.

ಆಮೇಲೆ ಬದಲಾಯಿಸಬೇಕು. ಅದೇ ನನ್ನ ತಕರಾರು. 22 ವರ್ಷದ ಹುಡುಗಿಗೆ ಮದುವೆಗೆ ಅಂತ ಮುಂದಿನ ಆರು ಹಲ್ಲಿಗೆ ಹಾಕಿಸಿದರೆ, ಜೀವಮಾನದಲ್ಲಿ ಅವಳು ಮೂರು ನಾಲ್ಕು ಸಲ ಅದೇ ಖರ್ಚು ಮಾಡಬೇಕು. ಬೆಲೆ ಒಂದೊಂದು ಹಲ್ಲಿಗೆ ಬೇರೆ ಬೇರೆ. ಆರು ಹಲ್ಲು ಅಂದರೆ ಹತ್ತಾರು ಸಾವಿರ. ಸಾಲ ಮಾಡಿ ಮಾಡಿಸುವಂಥದ್ದು ಖಂಡಿತ ಅಲ್ಲ. ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಸಿಮೆಂಟ್‌ನಲ್ಲಿ ಮಾಡಿದ ವೆನೀರ್ ಅಗ್ಗ. ಹಲ್ಲನ್ನು ಉಜ್ಜುವುದೂ ಕಡಿಮೆ, ಮುರಿದರೆ ಅಲ್ಲೇ ಸರಿಮಾಡಬಹುದು. ಆದರೆ ಅದು ಕೆಲವೇ ವರ್ಷದಲ್ಲಿ ಮಂಕಾಗುತ್ತದೆ. ಕಾಫಿ, ಅಡಿಕೆ ಬಿಡದವರಿಗೆ ಇನ್ನೂ ಬೇಗ. ಗುಳಿ ಬಿದ್ದ ಹಲ್ಲಿನ ಯುವಕರಿಗೆ ನಾನಾದರೆ ಮೊದಲು ಕಾಂಪೋಸಿಟ್ ನೋಡಿ ಅನ್ನುತ್ತೇನೆ.

ಯಾರು ಕಾಯಬೇಕು, ಎಲ್ಲಿಗೆ ಹೋಗಬಾರದು

ಬಸುರಿಯರು, ಹಾಲೂಡಿಸುವವರು ಈಗ ಬ್ಲೀಚಿಂಗ್ ಮಾಡಿಸುವುದು ಬೇಡ. ಅವಸರವೇನಿಲ್ಲ, ಆಮೇಲೆ ಮಾಡಿಸಬಹುದು. ಹುಳುಕು ಹಲ್ಲು, ವಸಡಿನ ರೋಗ ಇದ್ದವರು ಅದನ್ನು ವಾಸಿ ಮಾಡಿಕೊಂಡು ಬರಬೇಕು. 18 ವರ್ಷದೊಳಗಿನವರಿಗೆ ಕಾಯುವುದೇ ಒಳ್ಳೆಯದು. ಯುರೋಪಿಯನ್ ಒಕ್ಕೂಟದಲ್ಲಿ 2012ರಿಂದ ಟ್ರೇಗೆ ಕೊಡುವಂಥ ಜೆಲ್‌ಗಳನ್ನು 18ರ ಒಳಗಿನವರಿಗೆ ಬಳಸುವಂತಿಲ್ಲ, ಬೇರೆಯವರಿಗೂ ಮೊದಲ ಬಳಕೆ ದಂತವೈದ್ಯರ ಕೈಯಲ್ಲೇ ಆಗಬೇಕು ಅಂತ ನಿಯಮ ಇದೆ.

ಮುಂದಿನ ಹಲ್ಲಿಗೆ ಕ್ಯಾಪ್, ಸಿಮೆಂಟ್ ಇದ್ದವರು ಗಮನಿಸಿ. ಬ್ಲೀಚಿಂಗ್‌ಗೆ ನಿಮ್ಮ ಸ್ವಂತ ಹಲ್ಲು ಮಾತ್ರ ಬೆಳ್ಳಗಾಗುತ್ತದೆ. ಕ್ಯಾಪ್ ಇದ್ದ ಬಣ್ಣದಲ್ಲೇ ಉಳಿದು ಎದ್ದು ಕಾಣುತ್ತದೆ. ಅದನ್ನು ಬದಲಾಯಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬದಲಾಯಿಸುವುದು ಬ್ಲೀಚಿಂಗ್ ಮುಗಿದು ಎರಡು ವಾರದ ಮೇಲೆ. ಅಷ್ಟರೊಳಗೆ ಮಾಡಿದರೆ ಬಣ್ಣವೂ ಹೊಂದುವುದಿಲ್ಲ, ಸಿಮೆಂಟೂ ಸರಿಯಾಗಿ ಹಿಡಿಯುವುದಿಲ್ಲ.

ಬ್ಯೂಟಿ ಪಾರ್ಲರ್‌ನಲ್ಲಿ ಹಲ್ಲಿಗೆ ಬ್ಲೀಚಿಂಗ್ ಮಾಡುತ್ತೇವೆ ಅಂದರೆ ಎದ್ದು ಬನ್ನಿ. ಕಾನೂನಿನ ಪ್ರಕಾರ ಹಲ್ಲಿನ ಚಿಕಿತ್ಸೆ ಮಾಡಲು ನೋಂದಣಿ ಇರಬೇಕು. ನಿಂಬೆಹಣ್ಣು ಅಡುಗೆ ಸೋಡಾ, ಇದ್ದಿಲ ಪುಡಿ, ಇಟ್ಟಿಗೆ ಪುಡಿ ಇವೆಲ್ಲ ಮೇಲಿನ ಎನಾಮಲ್ ತಿಂದುಹಾಕುತ್ತವೆ. ಮೊದಲ ವಾರ ಹೊಳೆಯುತ್ತದೆ. ಆಮೇಲೆ ಒಳಗಿನ ಹಳದಿ ಇನ್ನಷ್ಟು ಹತ್ತಿರವಾಗಿ ಕಾಣುತ್ತದೆ, ಜುಮ್ ಅನ್ನುವುದೂ ಶುರುವಾಗುತ್ತದೆ.

ಹಣದ ಇಕ್ಕಟ್ಟು ಇದ್ದರೆ ದಂತವೈದ್ಯಕೀಯ ಕಾಲೇಜುಗಳನ್ನು ಮರೆಯಬೇಡಿ. ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತವೈದ್ಯಕೀಯ ಕಾಲೇಜು ಇದೆ. ಕೋಲಾರ ಜಿಲ್ಲೆಯವರಿಗೆ ಕೆಜಿಎಫ್‌ನಲ್ಲೂ ದಂತವೈದ್ಯಕೀಯ ಕಾಲೇಜು ಇದೆ. ಇಂಥ ಕಡೆ ವಿದ್ಯಾರ್ಥಿಗಳು ಹಿರಿಯ ಡಾಕ್ಟರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಸಮಯ ಜಾಸ್ತಿ ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಕಾಲೇಜಿಗೆ ಹೋಗುವವರು ಕನ್ಸರ್ವೇಟಿವ್ ಡೆಂಟಿಸ್ಟ್ರಿ ವಿಭಾಗ ಎಲ್ಲಿ ಅಂತ ಕೇಳಿ. ಫ್ಲೋರೈಡ್ ಕಲೆ ನೋಡಿ ನೋಡಿ ಅಭ್ಯಾಸ ಇರುವವರು ಅಲ್ಲಿರುತ್ತಾರೆ.

ಎಲ್ಲೇ ಹೋದರೂ ಶುರು ಮಾಡುವ ಮುಂಚೆ ಶೇಡ್ ಗೈಡ್ (ಹಲ್ಲಿನ ಬಣ್ಣ ಹೋಲಿಸುವ ಪಟ್ಟಿ) ಹಿಡಿದು ನಿಮ್ಮ ಹಲ್ಲಿನ ಈಗಿನ ಬಣ್ಣ ಬರೆಸಿ, ಅದನ್ನು ಹಲ್ಲಿನ ಪಕ್ಕ ಹಿಡಿದೇ ಒಂದು ಫೋಟೋ ತೆಗೆಸಿ. ನನ್ನ ಕಲೆ ಯಾವ ಬಗೆಯದು, ಯಾವ ಜೆಲ್, ಶೇಕಡಾ ಎಷ್ಟು, ಎಷ್ಟು ಸಲ, ಸಾಲದಿದ್ದರೆ ಮುಂದೇನು ಅಂತ ಕೇಳಿ. ಕಲೆ ನೋಡುವ ಮುಂಚೆಯೇ ಪ್ಯಾಕೇಜ್ ಬೆಲೆ ಹೇಳುವವರಿದ್ದರೆ ಇನ್ನೊಬ್ಬ ಡಾಕ್ಟರಿಗೂ ತೋರಿಸಿ.

ನಿಮ್ಮದು ಯಾವುದು?

ಮದುವೆಗೆ ಎರಡು ತಿಂಗಳಿದೆ, ಹಲ್ಲು ಬರಿಯ ಹಳದಿ ಅಂದರೆ ಕ್ಲೀನಿಂಗ್, ಆಮೇಲೆ ಟ್ರೇ. ಮೂರೇ ವಾರ ಉಳಿದಿದೆ ಅಂದರೆ ಕ್ಲಿನಿಕ್‌ನಲ್ಲಿ ಈ ವಾರವೇ ಮಾಡಿಸಿ. ಚಪ್ಪರದ ಹಿಂದಿನ ದಿನ ಮಾಡಿಸಿ ಊಟಕ್ಕೆ ಕೂತಾಗ ಹಲ್ಲು ಚುಳ್ ಅನ್ನುವುದು ಬೇಡ. ನಾಲ್ಕೇ ದಿನ ಇದ್ದರೆ ಬರಿಯ ಕ್ಲೀನಿಂಗ್, ಪಾಲಿಶ್.

ತಣ್ಣೀರಿಗೇ ಹಲ್ಲು ಜುಮ್ ಅನ್ನುವವರು ಗಟ್ಟಿ ಜೆಲ್ ಕಡೆ ಹೋಗಬೇಡಿ. ಕಾರಣ ಕಂಡುಹಿಡಿದು ಸರಿಮಾಡಿಸಿ, ಆಮೇಲೆ ಶೇ. 10ರ ಟ್ರೇ, ದಿನ ಬಿಟ್ಟು ದಿನ. ಬೀಡಿ, ಅಡಿಕೆ ಬಿಡುವ ಮನಸ್ಸಿಲ್ಲದವರಿಗೆ ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಸಾಕು. ಬ್ಲೀಚಿಂಗ್ ಹಣ ಉಳಿಸಿಕೊಳ್ಳಿ.

ಮಗನಿಗೋ ಮಗಳಿಗೋ ಹದಿಮೂರು ವರ್ಷ, ಫ್ಲೋರೈಡ್ ಕಲೆ, ಶಾಲೆಯಲ್ಲಿ ಆಡಿಕೊಳ್ಳುತ್ತಾರೆ ಅಂದರೆ ವೆನೀರ್ ಮಾತೇ ಬೇಡ. ಮೈಕ್ರೋಅಬ್ರೇಶನ್ ಆಗುತ್ತಾ ಅಂತ ಡಾಕ್ಟರನ್ನು ಕೇಳಿ. ಉಳಿದದ್ದು 18 ಆದ ಮೇಲೆ. ಆ ಮಗುವಿಗೆ ಮನೆಯಲ್ಲಿ ಎಂಟು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಇವತ್ತೇ ಕುಡಿಯುವ ನೀರು ಬದಲಾಯಿಸಿ. ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್‌ವರೆಗೆ ಸರಿ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತನ್ನಿ. ಕುಡಿಯಲು ಮಾತ್ರ ಅಲ್ಲ, ಅನ್ನಕ್ಕೆ, ಮುದ್ದೆಗೆ, ಸಾರಿಗೆ ಇಡುವ ನೀರೂ ಅದೇ ಆಗಿರಲಿ.